ಮೀನು ಬದುಕಿದ ನೀರು

ಕಾರ್ಖಾನೆಗಳು ಹೊರಗೆ ಬಿಡುವ ನೀರು ಹೇಗಿರಬೇಕು ಎಂಬುದಕ್ಕೆ ನಮ್ಮ ದೇಶದ ಪರಿಸರ ಸಂರಕ್ಷಣಾ ನಿಯಮಗಳಲ್ಲಿ (1986) ಒಂದು ಉದ್ದನೆಯ ಪಟ್ಟಿ ಇದೆ. ಆರನೆಯ ಅನುಸೂಚಿ. ಬಣ್ಣ, ವಾಸನೆ, ತೇಲುಕಣ, ಎಣ್ಣೆ, ಸೀಸ, ಪಾದರಸ, ತಾಮ್ರ ಎಂದು ಸಾಲು ಸಾಲಾಗಿ ಇಳಿಯುವ ಆ ಪಟ್ಟಿಯಲ್ಲಿ ಒಂದು ಸಾಲಿನ ಜಾತಿಯೇ ಬೇರೆ. ಅದರಲ್ಲಿ ಮಿಲಿಗ್ರಾಂ ಲೆಕ್ಕವಿಲ್ಲ. ಬೇರೆ ನೀರು ಬೆರೆಸದ ತ್ಯಾಜ್ಯನೀರಿಗೆ ಮೀನು ಬಿಡಬೇಕು, 96 ಗಂಟೆ ಕಾಯಬೇಕು, ನೂರಕ್ಕೆ 90 ಮೀನು ಬದುಕಿರಬೇಕು. ಅಷ್ಟೇ.

ಬಹಳ ಯೋಚಿಸಿ ಬರೆದ ಸಾಲು ಅದು. ಪ್ರಯೋಗಾಲಯದಲ್ಲಿ ಕೂತವನು ತಾನು ಹುಡುಕಿದ ವಿಷವನ್ನು ಮಾತ್ರ ಕಾಣುತ್ತಾನೆ. ಪಟ್ಟಿಯಲ್ಲಿ ಇಲ್ಲದ ವಿಷವನ್ನು, ಎರಡು ಸಾಧು ಪದಾರ್ಥಗಳು ಕೂಡಿ ಆದ ವಿಷವನ್ನು ಅವನು ಹುಡುಕುವುದೇ ಇಲ್ಲ. ಮೀನಿಗೆ ಪಟ್ಟಿಯ ಹಂಗಿಲ್ಲ. ಕಿವಿರಿನೊಳಗೆ ಹಾಯ್ದದ್ದನ್ನೆಲ್ಲ ಅದು ಒಟ್ಟಿಗೇ ಪರೀಕ್ಷೆ ಮಾಡಿ ಮುಗಿಸುತ್ತದೆ.

ನಮ್ಮ ಜಿಲ್ಲೆಯ ತುಂಗಭದ್ರೆಯ ದಂಡೆಯವರಿಗೆ ಈ ಪರೀಕ್ಷೆಯನ್ನು ಯಾವ ನಿಯಮವೂ ಹೇಳಿಕೊಡಬೇಕಾಗಿರಲಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1970ರ ದಶಕದ ಆರಂಭದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಯಿತು. ಮರದಿಂದ ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ. 1980ರ ದಶಕದಲ್ಲಿ, ಬೇಸಿಗೆಯ ಹರಿವು ಸಣ್ಣದಾದ ದಿನಗಳಲ್ಲಿ, ಹೊಳೆಯಲ್ಲಿ ಮೀನು ಸತ್ತು ತೇಲಿದವು. ಮೀನು ಹಿಡಿದು ಬದುಕುವವರು, ದನಕ್ಕೆ ಅದೇ ನೀರು ಕುಡಿಸುವವರು, ಅದೇ ನೀರು ಕಾಯಿಸಿ ಮೀಯುವವರು ಒಂದಾಗಿ ಎದ್ದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಹೋರಾಟ ಆ ನೀರಿನಿಂದ ಶುರುವಾಗಿ, ಅದೇ ತಿರುಳಿಗಾಗಿ ಗೋಮಾಳಗಳಲ್ಲಿ ನೆಟ್ಟ ನೀಲಗಿರಿಯವರೆಗೂ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ನಡೆದ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹವನ್ನು ಈಗಲೂ ನೆನೆಯುವ ಹಿರಿಯರಿದ್ದಾರೆ. ನಾವು ಆ ಕಥೆಯನ್ನು ಮರದ ಕಥೆಯಾಗಿ ಹೇಳುತ್ತೇವೆ. ಅದರ ಮೊದಲ ಸಾಕ್ಷಿ ಮಾತ್ರ ಹೊಟ್ಟೆ ಮೇಲೆ ಮಾಡಿ ತೇಲಿದ ಮೀನು.

ಇಂಥದೇ ಕಥೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಶೆಲ್ಟನ್ ಎಂಬ ಪಟ್ಟಣದಲ್ಲಿ ನಮಗಿಂತ ಅರ್ಧ ಶತಮಾನ ಮೊದಲು ನಡೆದಿತ್ತು. ಅಲ್ಲಿಯೂ ಮರದ ತಿರುಳಿನ ಕಾರ್ಖಾನೆಯೇ, ಅದೂ ರೇಯಾನಿಗಾಗಿಯೇ. ಕಂಪನಿ ತನ್ನ ಹೆಸರನ್ನೇ ರೇಯೋನಿಯರ್ ಎಂದು ಇಟ್ಟುಕೊಂಡಿತ್ತು. ಅದರ ಹೊಲಸು ನೀರು ಸೇರುತ್ತಿದ್ದದ್ದು ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಗೆ. ಅಲ್ಲಿ ಒಲಿಂಪಿಯ ಎಂಬ ಸಣ್ಣ ಸಿಂಪಿಯನ್ನು ಬೆಳೆದು ಮಾರುವವರಿದ್ದರು. ಸಿಂಪಿ ಕಡಿಮೆಯಾಗತೊಡಗಿದಾಗ ಅವರು ಕಾರ್ಖಾನೆಯತ್ತ ಬೆರಳು ತೋರಿಸಿದರು; ಕಾರ್ಖಾನೆ ಬೇರೆಲ್ಲ ಕಾರಣಗಳತ್ತ ತೋರಿಸಿತು. ಜಗಳ ವರ್ಷಗಟ್ಟಲೆ ಎಳೆಯಿತು, 1957ರಲ್ಲಿ ತಿರುಳಿನ ಕಾರ್ಖಾನೆ ಮುಚ್ಚಿತು. ಆದರೆ ಕೊಲ್ಲಿಯ ಸುತ್ತ ಇನ್ನೂ ಎಷ್ಟೋ ತಿರುಳಿನ ಕಾರ್ಖಾನೆಗಳಿದ್ದವು. ಬೆಳೆದ ಸಿಂಪಿಯನ್ನು ಆ ನೀರಿನಲ್ಲಿಟ್ಟರೆ ಅದು ಚಿಪ್ಪು ಮುಚ್ಚಿಕೊಂಡು ದಿನಗಟ್ಟಲೆ ಕೂತುಬಿಡುತ್ತದೆ. ಸಾಯುವುದಿಲ್ಲ, ಏನನ್ನೂ ಹೇಳುವುದೂ ಇಲ್ಲ. ರಾಜ್ಯದ ಮೀನುಗಾರಿಕೆ ಇಲಾಖೆಯಲ್ಲಿದ್ದ ಚಾರ್ಲ್ಸ್ ವೋಲ್ಕಿ ಎಂಬ ವಿಜ್ಞಾನಿ ಆಗ ಚಿಪ್ಪೇ ಇನ್ನೂ ಹುಟ್ಟದ ಸಿಂಪಿಯನ್ನು ಹಿಡಿದುಕೊಂಡರು. 1960ರ ದಶಕದುದ್ದಕ್ಕೂ ಅದನ್ನು ತಿದ್ದಿ ತೀಡಿ, 1972ರಲ್ಲಿ 48 ಗಂಟೆಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಇವತ್ತು ಲೋಕದ ಹಲವು ಕಡೆ ನಡೆಯುವ ಲಾರ್ವಾ (ಎಳೆ ಮರಿ) ಪರೀಕ್ಷೆಗಳ ದೊಡ್ಡ ಬೇರು ಅಲ್ಲಿದೆ.

ಪರೀಕ್ಷೆ ನಡೆಯುವ ರೀತಿ ಸರಳ, ಆದರೆ ಕೈ ಪಳಗಿರಬೇಕು. ತತ್ತಿ ತುಂಬಿದ ಸಿಂಪಿಗಳನ್ನು ತಂದು, ನೀರಿನ ಬಿಸಿ ಏರಿಸಿ ಇಳಿಸಿ ಮಾಡುತ್ತಾರೆ. ಹೆಣ್ಣು ತತ್ತಿಯನ್ನೂ ಗಂಡು ವೀರ್ಯವನ್ನೂ ನೀರಿಗೆ ಬಿಡುತ್ತವೆ. ಎರಡನ್ನೂ ಬೆರೆಸಿ, ಫಲ ಕಟ್ಟಿದ ತತ್ತಿಗಳನ್ನು ಲೆಕ್ಕ ಹಾಕಿ ಸಣ್ಣ ಸಣ್ಣ ಶೀಶೆಗಳಿಗೆ ಹಂಚುತ್ತಾರೆ. ತತ್ತಿಯೊಂದರ ಅಗಲ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿನಷ್ಟು. ಬೊಗಸೆ ನೀರಿನಲ್ಲಿ ಸಾವಿರಗಟ್ಟಲೆ ಹಿಡಿಸುತ್ತವೆ. ಕೆಲವು ಶೀಶೆಗಳಲ್ಲಿ ಶುದ್ಧ ಕಡಲ ನೀರು, ಉಳಿದವುಗಳಲ್ಲಿ ಪರೀಕ್ಷೆಗೆ ಬಂದ ನೀರು: ಒಂದರಲ್ಲಿ ಪೂರ್ತಿ, ಒಂದರಲ್ಲಿ ಅರ್ಧ, ಒಂದರಲ್ಲಿ ಕಾಲು, ಹೀಗೆ ತೆಳುವಾಗುತ್ತ ಹೋಗುತ್ತದೆ. 48 ಗಂಟೆ ಕಳೆದ ಮೇಲೆ ಒಂದಷ್ಟು ಫಾರ್ಮಲಿನ್ ಹಾಕಿ ಎಲ್ಲವನ್ನೂ ಇದ್ದಲ್ಲಿಯೇ ನಿಲ್ಲಿಸಿ, ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತಾರೆ. ಸರಿಯಾಗಿ ಬೆಳೆದ ಮರಿಗೆ ಅಷ್ಟರಲ್ಲಿ ಎರಡು ಹೋಳಿನ ಚಿಪ್ಪು ಮೂಡಿ, ಇಂಗ್ಲಿಷಿನ ಡಿ ಅಕ್ಷರದ ಆಕಾರ ಬಂದಿರುತ್ತದೆ. ಬೆಳೆಯಲಾರದ್ದು ಮುದ್ದೆಯಾಗಿ, ಸೊಟ್ಟ ಚಿಪ್ಪಾಗಿ, ಅರ್ಧದಲ್ಲಿ ಸೀಳಿದ ತತ್ತಿಯಾಗಿ ನಿಂತಿರುತ್ತದೆ. ಡಿ ಎಷ್ಟು, ಡಿ ಆಗದ್ದು ಎಷ್ಟು, ಅಷ್ಟೇ ಲೆಕ್ಕ.

ಜಪಾನಿನ ನವೊಮಾಸ ಕೊಬಯಾಶಿ 1970ರ ದಶಕದ ಆರಂಭದಲ್ಲಿ ಇದೇ ಕೆಲಸಕ್ಕೆ ಸೀ ಅರ್ಚಿನ್ ಎಂಬ, ಮೈಯೆಲ್ಲ ಮುಳ್ಳಿರುವ ಕಡಲ ಪ್ರಾಣಿಯ ತತ್ತಿಯನ್ನು ಬಳಸಿದರು. ಅದಕ್ಕೆ ಪೊಟ್ಯಾಸಿಯಂ ಕ್ಲೋರೈಡಿನ ಸಣ್ಣ ಸೂಜಿ ಚುಚ್ಚಿದರೆ ಸಾಕು, ತತ್ತಿ ಸುರಿಸುತ್ತದೆ. ವೀರ್ಯ ಸೋಕಿದ ಕೆಲವೇ ನಿಮಿಷಗಳಲ್ಲಿ ತತ್ತಿಯ ಸುತ್ತ ತೆಳು ಪೊರೆ ಏಳುವುದು ಕಾಣುತ್ತದೆ. ಪೊರೆ ಏಳದಿದ್ದರೆ ನೀರು ಕೆಟ್ಟಿದೆ ಎಂದು ಚಹಾ ಕುಡಿದು ಮುಗಿಸುವ ಹೊತ್ತಿಗೆ ಗೊತ್ತಾಗಿರುತ್ತದೆ. ಎದ್ದರೆ ಎರಡು ಮೂರು ದಿನ ಕಾದು, ಮರಿಯ ಉದ್ದನೆಯ ತೋಳುಗಳು ಬೆಳೆದವೋ ಮೊಂಡಾದವೋ ನೋಡಬಹುದು.

ಬ್ಯಾಡಗಿ ಸೀಮೆಯ ರೈತನಿಗೆ ಇದರಲ್ಲಿ ಆಶ್ಚರ್ಯ ಕಾಣಲಿಕ್ಕಿಲ್ಲ. ಬೆಳೆದ ಮೆಣಸಿನ ಗಿಡ ತಡೆದುಕೊಳ್ಳುವ ಸವಳು ನೀರಿಗೆ ಮಡಿಯಲ್ಲಿನ ಅಗಿ ಸುಟ್ಟು ಹೋಗುತ್ತದೆ ಎಂಬುದು ಅವನಿಗೆ ಗೊತ್ತು. ಮರಿ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ತಾಮ್ರದ ಲೆಕ್ಕ ನೋಡಿ. ನಮ್ಮ ಆರನೇ ಅನುಸೂಚಿ ತ್ಯಾಜ್ಯನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ, ಅಂದರೆ 3000 ಮೈಕ್ರೋಗ್ರಾಂ ತಾಮ್ರವನ್ನು ಒಪ್ಪುತ್ತದೆ. ಸಿಂಪಿಯ ತತ್ತಿಗಳಲ್ಲಿ ಅರ್ಧದಷ್ಟನ್ನು ಕೆಡಿಸಲು ಲೀಟರಿಗೆ 5ರಿಂದ 10 ಮೈಕ್ರೋಗ್ರಾಂ ಸಾಕು. ಕಡಲಿಗೆ ಬಿದ್ದ ನೀರು ತೆಳುವಾಗುತ್ತದೆ, ನಿಜ. ನೂರು ಪಟ್ಟು ತೆಳುವಾದ ಮೇಲೂ 30 ಉಳಿಯಿತಲ್ಲ.

ಇಷ್ಟಾಯಿತು ಕಾರ್ಖಾನೆಯ ಮಾತು. ನನ್ನನ್ನು ಈ ವಿಷಯದಲ್ಲಿ ಹೆಚ್ಚು ಕಾಡುವುದು ಮೀನು ಸಾಕುವ ಕೊಳದ ನೀರು. ಕುಮಾರಪಟ್ಟಣದ ದಿನಗಳಲ್ಲಿ ಮೀನಿನವನು ದೂರು ಕೊಡುವ ಕಡೆ ನಿಂತಿದ್ದ. ಈಗ ಅವನೂ ಒಂದು ಕೊಳ, ಒಂದು ಮೋಟರು, ಒಂದಷ್ಟು ಮೇವಿನ ಚೀಲ ಇಟ್ಟುಕೊಂಡು ನೀರು ಹೊರಗೆ ಬಿಡುವವನಾಗಿದ್ದಾನೆ. ಆ ನೀರಿಗೆ ಕಾಯ್ದೆಯ 96 ಗಂಟೆಯ ಪರೀಕ್ಷೆ ಹಚ್ಚಿ ನೋಡಿ. ಮೀನು ನಾಲ್ಕು ದಿನ ಬದುಕೀತೇ ಎಂದು ಕೇಳುವ ಮಾತೇ ಇಲ್ಲ. ಅದು ಅದೇ ನೀರಿನಲ್ಲಿ ಎಂಟು ಹತ್ತು ತಿಂಗಳು ಬದುಕಿ, ಕಿಲೋ ತೂಗಿ, ಪೇಟೆಗೆ ಹೋಗಿದೆ. ಮೀನನ್ನು ಸಾಕ್ಷಿ ಕೇಳಿದರೆ ಮೀನಿನ ಕೊಳದ ನೀರು ಪ್ರತಿ ಸಲವೂ ಪಾಸು. ಇಲ್ಲಿ ಬೇರೆಯವರ ಸಾಕ್ಷಿ ಬೇಕು.

ಕೊಳದ ನೀರಿನಲ್ಲಿ ಇರುವುದಾದರೂ ಏನು? ಹಾಕಿದ ಮೇವಿನ ಸಾರಜನಕದಲ್ಲಿ ಮೀನಿನ ಮೈಗೆ ಹತ್ತುವುದು ಸಾಮಾನ್ಯವಾಗಿ ಸುಮಾರು ಮೂರನೇ ಒಂದು ಪಾಲು. ಉಳಿದದ್ದರಲ್ಲಿ ಬಹುಭಾಗ ಕಿವಿರಿನಿಂದಲೇ ಅಮೋನಿಯವಾಗಿ ಹೊರಬೀಳುತ್ತದೆ. ಅಮೋನಿಯಕ್ಕೆ ನೀರಿನಲ್ಲಿ ಎರಡು ವೇಷ. ಒಂದು ಅಷ್ಟಾಗಿ ಬಾಧಿಸದು, ಇನ್ನೊಂದು ಜೀವಕೋಶದೊಳಗೆ ನುಗ್ಗುವ ವಿಷ. ಯಾವುದು ಎಷ್ಟು ಎಂಬುದು ನೀರಿನ ಕ್ಷಾರದ ಮೇಲೆ ನಿಂತಿದೆ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದೂ ಇಲ್ಲ. ಪಿಎಚ್ 8 ಆದರೆ ಐದು. 9 ಮುಟ್ಟಿದರೆ ಮೂವತ್ತೈದರ ಆಚೆ. ಪಾಚಿಗಟ್ಟಿ ಹಸಿರಾದ ಕೊಳದಲ್ಲಿ ಬಿಸಿಲೇರಿದಂತೆ ಪಾಚಿ ಇಂಗಾಲಾಮ್ಲವನ್ನು ಹೀರುತ್ತದೆ, ಪಿಎಚ್ ಏರುತ್ತದೆ. ಬೆಳಿಗ್ಗೆ ಆರಕ್ಕೆ ಶೀಶೆ ತುಂಬಿಕೊಂಡು ಹೋದವನಿಗೂ ಮಧ್ಯಾಹ್ನ ಮೂರಕ್ಕೆ ತುಂಬಿಕೊಂಡು ಹೋದವನಿಗೂ ಒಂದೇ ಕೊಳ ಎರಡು ಉತ್ತರ ಕೊಡುತ್ತದೆ. ಇದರ ಮೇಲೆ ರೋಗ ಬಂದಾಗ ಹಾಕಿದ ಬ್ಲೀಚಿಂಗ್ ಪೌಡರ್, ಪಾಚಿಗೆ ಹಾಕಿದ ಮೈಲುತುತ್ತ, ಹುಳಕ್ಕೆ ಹಾಕಿದ ಔಷಧಿ. ನಾರ್ವೆ, ಸ್ಕಾಟ್ಲೆಂಡ್, ಚಿಲಿಯಂಥ ಕಡೆ ಕಡಲಲ್ಲೇ ಬಲೆಗೂಡು ಕಟ್ಟಿ ಸಾಲ್ಮನ್ ಸಾಕುತ್ತಾರೆ. ಅಲ್ಲಿ ಬಲೆಗೆ ಬಳಿಯುವ ತಾಮ್ರದ ಬಣ್ಣ, ಮೀನಿನ ಮೈಯ ಹೇನು ಕೊಲ್ಲುವ ಔಷಧಿ, ಇವೆರಡೂ ನೇರ ನೀರಿಗೇ. ಹೇನು ಸಿಗಡಿಯ ದೂರದ ನೆಂಟ. ಹೇನಿಗೆ ಮದ್ದಾದದ್ದು ಸಿಗಡಿಯ ಮರಿಗೆ ಸಿಹಿಯಾದೀತೆ?

ನಮ್ಮ ರಾಜ್ಯದಲ್ಲಿ ಇದರ ನಿಜವಾದ ಜಾಗ ಉತ್ತರ ಕನ್ನಡ. ಕುಮಟಾದ ಹತ್ತಿರ ಅಘನಾಶಿನಿ ಕಡಲು ಸೇರುವಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಆಮೇಲೆ ಉಬ್ಬರದ ಜೊತೆ ತಾನಾಗಿ ಬಂದ ಸಿಗಡಿ, ಇದು ಹಳೆಯ ಪದ್ಧತಿ. 1990ರ ದಶಕದಲ್ಲಿ ದೇಶದ ಕರಾವಳಿಯಲ್ಲೆಲ್ಲ ಸಿಗಡಿಯ ಹುಚ್ಚು ಹಬ್ಬಿತು, ಹಿಂದೆಯೇ ಬಿಳಿಚುಕ್ಕೆ ರೋಗ ಬಂದು ಕೊಳಗಳನ್ನು ಬಡಿಯಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಸಿಗಡಿ ಕೊಳಗಳ ವಿರುದ್ಧ ಕಠಿಣ ತೀರ್ಪು ಕೊಟ್ಟಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು. 2009ರಿಂದ ವನ್ನಾಮಿ ಎಂಬ ಜಾತಿಯ ಸಿಗಡಿಗೆ ಅನುಮತಿ ಸಿಕ್ಕಿತು. ಸಿಗಡಿ ಹಿಡಿದ ದಿನ ಕೊಳದ ನೀರನ್ನು ತೂಬು ತೆಗೆದು ಹೊರಗೆ ಬಿಡುತ್ತಾರೆ.

ಅದೇ ಅಳಿವೆಯ ಕೆಸರಿನಲ್ಲಿ ಬಳಚು ಇದೆ. ಇಳಿತದ ಹೊತ್ತಿಗೆ ಹೆಂಗಸರು ಗಂಡಸರೆನ್ನದೆ ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದಾಗ ಅಘನಾಶಿನಿಯೊಂದರಿಂದಲೇ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ಬರುತ್ತಿದ್ದವು. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬಳಚಿನ ಮರಿ ಕೆಸರಿಗೆ ಇಳಿಯುವ ಮೊದಲು ಒಂದೆರಡು ವಾರ ಕಣ್ಣಿಗೆ ಕಾಣದ ಲಾರ್ವಾ ಆಗಿ ನೀರಿನಲ್ಲಿ ತೇಲುತ್ತಿರುತ್ತದೆ. ಆ ವಾರಗಳಲ್ಲಿ ತೂಬು ತೆಗೆದರೆ ಸತ್ತು ತೇಲುವುದು ಯಾವುದೂ ಇರುವುದಿಲ್ಲ. ಫೋಟೊ ಇಲ್ಲ, ವರದಿ ಇಲ್ಲ, ದೂರು ಇಲ್ಲ. ಮುಂದಿನ ವರ್ಷ ಬುಟ್ಟಿ ತುಂಬದಾಗ ಜನ ಮಳೆಯನ್ನೋ ಮರಳು ತೆಗೆಯುವವರನ್ನೋ ದೂರುತ್ತಾರೆ. ಬಳಚು, ನೀಲಿಕಲ್ಲು, ಸಿಂಪಿ ಎಲ್ಲವೂ ಇರುವ ಈ ಕರಾವಳಿಯಲ್ಲಿ ಲಾರ್ವಾ ಪರೀಕ್ಷೆಗೆ ಬೇಕಾದ ತತ್ತಿಗೆ ಬರಗಾಲವಿಲ್ಲ.

ಹಾಗೆಂದು ಲಾರ್ವಾ ಹೇಳಿದ್ದೇ ವೇದವಾಕ್ಯವೆಂದು ನಾನು ಹೇಳುವುದಿಲ್ಲ. ಅದು ಸಣ್ಣ ನೆಪಕ್ಕೂ ಕೆಡುವ ಜೀವ. ಸಿಹಿನೀರಿನ ಕೊಳದ ನೀರು ತಂದು ಅದರೊಳಗೆ ಕಡಲ ಮರಿ ಬಿಟ್ಟರೆ ಉಪ್ಪು ಸಾಲದೆಯೇ ಮುದ್ದೆಯಾದೀತು. ಅದಕ್ಕೇ ಮೊದಲು ಉಪ್ಪು ಬೆರೆಸಿ ಹದ ಮಾಡಬೇಕು, ಆ ಉಪ್ಪೇ ವಿಷವಾಗಲಿಲ್ಲ ಎಂದು ಬೇರೆ ಶೀಶೆಯಲ್ಲಿ ಸಾಬೀತು ಮಾಡಬೇಕು. ತತ್ತಿಯೇ ಕೆಟ್ಟದ್ದಿದ್ದರೆ ಶುದ್ಧ ನೀರಿನಲ್ಲೂ ಡಿ ಮೂಡದು. ಆಗ ಇಡೀ ಪರೀಕ್ಷೆಯನ್ನು ಚೆಲ್ಲಿ ಹೊಸದಾಗಿ ಶುರು ಮಾಡಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು, ನೀರು ಕೆಟ್ಟಿದೆ ಎಂದು ಲಾರ್ವಾ ಹೇಳುತ್ತದೆಯೇ ಹೊರತು ಯಾವುದರಿಂದ ಎಂದು ಹೇಳುವುದಿಲ್ಲ. ಇದಕ್ಕೆ ಒಂದು ಜಾಣ ಉಪಾಯ ಕಂಡುಕೊಂಡಿದ್ದಾರೆ. ಅದೇ ನೀರನ್ನು ಮೂರು ನಾಲ್ಕು ಪಾಲು ಮಾಡಿ, ಒಂದಕ್ಕೆ ಅಮೋನಿಯ ಹೀರುವ ಜಿಯೋಲೈಟ್ ಕಲ್ಲಿನ ಪುಡಿ, ಒಂದಕ್ಕೆ ಲೋಹಗಳನ್ನು ಕಟ್ಟಿಹಾಕುವ ಇಡಿಟಿಎ, ಒಂದಕ್ಕೆ ಔಷಧಿಗಳನ್ನು ಹಿಡಿಯುವ ಇದ್ದಿಲು. ಯಾವ ಪಾಲಿನಲ್ಲಿ ಮರಿ ಸುಧಾರಿಸಿತೋ ಅಲ್ಲಿ ತೆಗೆದದ್ದೇ ಕಳ್ಳ. ಪೊಲೀಸರ ತನಿಖೆಯೂ ಇಷ್ಟು ಚೊಕ್ಕವಾಗಿ ನಡೆದರೆ ಒಳ್ಳೆಯದಿತ್ತು.

ಇನ್ನು ನಮ್ಮ ಕಡೆಗೆ. ಕಾರಹುಣ್ಣಿಮೆಗೆ ಹೆಸರಾದ ಕರ್ಜಗಿಗೆ ಕಡಲು ದೂರ. ಹತ್ತಿರ ಇರುವುದು ವರದಾ. ಸಾಗರದ ಕಡೆಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ನಮ್ಮನ್ನು ದಾಟಿ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುವ ಹೊಳೆ. ಮಳೆಗಾಲದಲ್ಲಿ ಹೊಲಕ್ಕೇ ನುಗ್ಗುತ್ತದೆ, ಬೇಸಿಗೆಯಲ್ಲಿ ಮಡುಗಳಾಗಿ ಒಡೆಯುತ್ತದೆ. ಸುತ್ತಲಿನ ಹೊಲಗಳಲ್ಲಿ ಕೃಷಿ ಹೊಂಡಗಳು ಬಂದವು. ನಿಂತ ನೀರು ಸುಮ್ಮನೇಕೆ ಇರಬೇಕೆಂದು ಕಾಟ್ಲಾ, ರೋಹು, ಗೆಂಡೆಯ ಮರಿ ತಂದು ಬಿಟ್ಟವರಿದ್ದಾರೆ. ಸಿಂಪಿಯ ಲಾರ್ವಾ ಇಲ್ಲಿಗೆ ತರಬೇಕಾಗಿಲ್ಲ. ಹೊಳೆ, ಕೆರೆಗಳ ಕೆಸರಿನಲ್ಲಿರುವ, ನಾವು ಕಪ್ಪೆಚಿಪ್ಪು ಎಂದು ಕರೆದು ಮಕ್ಕಳ ಆಟಕ್ಕೆ ಕೊಟ್ಟಿರುವ ಜೀವಿಗೂ ಲಾರ್ವಾ ಇದೆ. ಅದರ ಬಾಳುವೆ ಇನ್ನೂ ವಿಚಿತ್ರ: ಹುಟ್ಟಿದ ಮರಿ ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿ ಹಿಡಿದು, ಕೆಲ ದಿನ ಮೀನಿನ ಮೈಮೇಲೇ ಬಾಳಿ, ಆಮೇಲೆ ಕೆಸರಿಗೆ ಉದುರುತ್ತದೆ. ಅಮೋನಿಯಕ್ಕೆ ಈ ಚಿಪ್ಪುಜೀವಿಗಳು ಮೀನಿಗಿಂತ ಮೊದಲು ಸೋಲುತ್ತವೆ ಎಂದು ಗೊತ್ತಾದ ಮೇಲೆ ಅಮೆರಿಕದ ಪರಿಸರ ಸಂಸ್ಥೆ 2013ರಲ್ಲಿ ತನ್ನ ನದಿಗಳ ಮಿತಿಯನ್ನೇ ಬಿಗಿ ಮಾಡಿತು. ಪಿಎಚ್ 7, ಬಿಸಿ 20 ಡಿಗ್ರಿ ಇರುವ ನೀರಿಗೆ ದೀರ್ಘಕಾಲದ ಮಿತಿ ಲೀಟರಿಗೆ 4.5 ಮಿಲಿಗ್ರಾಂ ಇದ್ದದ್ದು 1.9ಕ್ಕೆ ಇಳಿಯಿತು. ನಮ್ಮಲ್ಲಿ ಹೊಳೆಗೆ ಬಿಡುವ ತ್ಯಾಜ್ಯನೀರಿನ ಮಿತಿ 50. ಅದು ಹೊಳೆಯ ಲೆಕ್ಕ, ಇದು ಕೊಳವೆ ಬಾಯಿಯ ಲೆಕ್ಕ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ. ಆದರೆ ಏಪ್ರಿಲ್ ತಿಂಗಳ ವರದೆಯಲ್ಲಿ ತೆಳು ಮಾಡಲು ಹರಿಯುವ ನೀರೇ ಎಲ್ಲಿದೆ?

ಹೊಂಡದ ಮೀನು ಸಾಕುವ ಪರಿಚಯದ ರೈತರೊಬ್ಬರ ಮುಂದೆ ಇದನ್ನೆಲ್ಲ ಹೇಳಿದೆ. ‘ಮೀನಾ ಜಿಗದಾಡಾಕತ್ತಾವು, ನೀರಿಗೇನಾಗೈತ್ರೀ ಸರ?’ ಎಂದರು. ನೀರಿಗೆ ಏನೂ ಆಗಿಲ್ಲ, ಅದು ಹೊಲಕ್ಕೆ ಬಂಗಾರ ಎಂದೆ. ನಿಜವೂ ಹೌದು. ಹೊಳೆಯ ಮರಿಗೆ ವಿಷವಾಗುವ ಸಾರಜನಕವನ್ನೇ ನಾವು ಯೂರಿಯಾ ಚೀಲದಲ್ಲಿ ಸಾಲು ಹಚ್ಚಿ ಕೊಳ್ಳುತ್ತೇವೆ. ಒಂದು ಹೊಂಡದ ನೀರು ಸದ್ದಿಲ್ಲದೆ ಗೋವಿನಜೋಳದ ಸಾಲುಗಳಲ್ಲಿ ಇಂಗಿದರೆ ಲಾರ್ವಾ ಪರೀಕ್ಷೆಯ ಮಾತೇ ಬರುವುದಿಲ್ಲ. ಕೆಡುವುದು, ಮುಂಗಾರಿಗೆ ಮೊದಲು ಹೊಂಡ ಬರಿದು ಮಾಡುವ ಅವಸರದಲ್ಲಿ ತೂಬು ತೆಗೆದು ಹಳ್ಳಕ್ಕೆ ಬಿಟ್ಟಾಗ. ಹಳ್ಳ ಹೊಳೆಗೆ ಸೇರುತ್ತದೆ, ಹೊಸ ನೀರು ಬಂದ ಕೂಡಲೇ ತತ್ತಿ ಇಡಲು ಹೊಳೆಯ ಮೀನು ಅಲ್ಲಿ ಕಾದಿರುತ್ತವೆ. ಸಣ್ಣ ರೈತನ ಹೊಂಡಕ್ಕೆ ಲಾರ್ವಾ ಪರೀಕ್ಷೆಯ ಕಾಗದ ಹಿಡಿದು ಅಧಿಕಾರಿ ಬರುವುದು ನನಗೆ ಬೇಡ. ಆ ಪರೀಕ್ಷೆ ಮೊದಲು ದೊಡ್ಡ ಕೊಳವೆಗಳ ಬಾಯಿಗೆ, ಕರಾವಳಿಯ ದೊಡ್ಡ ಕೊಳಗಳ ತೂಬಿಗೆ ಬರಲಿ. ಇಲ್ಲಿಯವರಿಗೆ ಯಾವ ವಾರದಲ್ಲಿ ಹಳ್ಳಕ್ಕೆ ಬಿಡಬಾರದು ಎಂದು ಹೇಳಿದರೆ ಸಾಕು.

ಅವರು ಕೇಳಿಸಿಕೊಂಡು ತಲೆ ಆಡಿಸಿದರು. ‘ಹಳ್ಳಕ್ಕ ತೂಬು ತಗದ್ರ ತಾನs ಹರಿತೈತ್ರಿ. ಹೊಲಕ್ಕ ಏರಸಬೇಕಂದ್ರ ಮೋಟರ್ ಹಚ್ಚಬೇಕು. ತ್ರೀ ಫೇಸ್ ಕರೆಂಟ್ ರಾತ್ರಿ ಎರಡಕ್ಕ ಕೊಡ್ತಾರ. ಅದನ್ನೂ ಒಂಚೂರು ಬರೀರಿ’ ಎಂದರು.